ಪೇಟೆಯ ನಡುಭಾಗದಲ್ಲಿ ಅಪರಾಧ ಹೆಚ್ಚುತ್ತಿದೆಯೇ? ಠಾಣಾಧಿಕಾರಿಯನ್ನು ನಾವು ಏನು ಕೇಳಬೇಕು?

ಪೇಟೆನಿವಾಸಿ (ಮೂಲ ಬರಹ)

ಮಹಾನಗರದ ಅಂಚಿನ ಉಪನಗರಗಳಲ್ಲಿ ವಾಸಿಸುವ ಎಲ್ಲರ ಮುಂದೆ ಈ ಪ್ರಶ್ನೆಯನ್ನು ಇಡುತ್ತಿದ್ದೇನೆ. ನಿಲ್ದಾಣ, ಅಂಗಡಿಗಳ ಸಾಲು, ಬ್ಯಾಂಕು, ವಾಹನ ನಿಲುಗಡೆಯ ಜಾಗ ಎಲ್ಲವೂ ಒತ್ತೊತ್ತಾಗಿ ಸೇರಿಕೊಂಡಿರುವ ಪೇಟೆಯ ನಡುಭಾಗದಲ್ಲಿ ಮೊಬೈಲ್ ಕಸಿದು ಓಡುವುದು, ಬೈಕ್ ಕಳವು, ಅಂಗಡಿಯೊಳಗಿನ ಕಳ್ಳತನ, ಸಂಜೆ ಗುಂಪುಗೂಡಿ ದಾರಿಹೋಕರನ್ನು ಕೆಣಕುವುದು ಹೆಚ್ಚಾಗಿದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಠಾಣೆಯಲ್ಲಿ ವಿಚಾರಿಸಿದರೆ ದಾಖಲಾದ ಪ್ರಕರಣಗಳು ಕಳೆದ ವರ್ಷಕ್ಕಿಂತ ಕಡಿಮೆ ಎನ್ನುತ್ತಾರೆ. ಮೊದಲು ಅಂಗಡಿಯವರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದ ಬೀಟ್ ಪೊಲೀಸರು ಈಗ ಕಾಣಿಸುವುದಿಲ್ಲ. ಜೀಪು ಮಾತ್ರ ಮುಖ್ಯರಸ್ತೆಯಲ್ಲಿ ಹಾದುಹೋಗುತ್ತದೆ. ನಿವಾಸಿಗಳ ಸಂಘದ ಮುಂದಿನ ಸಭೆಗೆ ಠಾಣಾಧಿಕಾರಿಗಳು ಬರಲು ಒಪ್ಪಿದ್ದಾರೆ. ಅವರ ಬಳಿ ನಾವು ಹೆಚ್ಚು ಸಿಬ್ಬಂದಿಯನ್ನು ಕೇಳಬೇಕೇ, ಹೆಚ್ಚು ಕ್ಯಾಮೆರಾಗಳನ್ನು ಕೇಳಬೇಕೇ, ಅಥವಾ ಬೇರೇನನ್ನಾದರೂ ಕೇಳಬೇಕೇ?

ಅಂಗಡಿಸಾಲು

ಇದರಲ್ಲಿ ಯೋಚಿಸುವುದೇನಿದೆ? ಸಿಬ್ಬಂದಿ ಬೇಕು, ಗಸ್ತು ವಾಹನ ದುಪ್ಪಟ್ಟಾಗಬೇಕು. ಪೊಲೀಸರು ಕಂಡರೆ ಕಳ್ಳರು ಬರುವುದಿಲ್ಲ.

ಲೆಕ್ಕಿಗ

ಅಂಗಡಿಸಾಲು ಅವರೇ, ಇದನ್ನೇ ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ 15 ಬೀಟ್‌ಗಳನ್ನು, ಅಂದರೆ ಗಸ್ತಿನ ಪ್ರದೇಶಗಳನ್ನು, ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ವಾಡಿಕೆಯ ವಾಹನ ಗಸ್ತನ್ನು ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು. ಇನ್ನೊಂದರಲ್ಲಿ ಎಂದಿನಂತೆ ಗಸ್ತು ನಡೆಸಿದರು. ಮೂರನೆಯದರಲ್ಲಿ ಅದನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು. ಅಪರಾಧದಲ್ಲಾಗಲಿ, ಜನರ ಭಯದಲ್ಲಾಗಲಿ, ಪೊಲೀಸರ ಬಗೆಗಿನ ತೃಪ್ತಿಯಲ್ಲಾಗಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಗೊತ್ತುಗುರಿಯಿಲ್ಲದೆ ಸುತ್ತುವ ಜೀಪಿಗಾಗಿ ನಾವು ಮನವಿ ಬರೆದರೆ, ಅದು ಮಂಜೂರಾದರೂ ನಮಗೆ ಸಿಗುವುದು ಅಷ್ಟರಲ್ಲೇ ಇದೆ.

ಅಂಗಡಿಸಾಲು

ಐವತ್ತು ವರ್ಷ ಹಿಂದೆ, ಬೇರೆ ದೇಶದಲ್ಲಿ ನಡೆದ ಪ್ರಯೋಗವನ್ನು ಹಿಡಿದು ನನ್ನ ಕಣ್ಣೆದುರಿನ ಸತ್ಯವನ್ನು ಅಲ್ಲಗಳೆಯಬೇಡಿ. ಬಾಗಿಲ ಮುಂದೆ ಪೊಲೀಸರು ನಿಂತ ದಿನ ನನ್ನ ಅಂಗಡಿಯಲ್ಲಿ ಒಂದು ಪೊಟ್ಟಣವೂ ಕಾಣೆಯಾಗುವುದಿಲ್ಲ.

ಹಳೆಬೀಟ್

ನಾನು ಪೊಲೀಸ್ ಇಲಾಖೆಯಿಂದ ನಿವೃತ್ತನಾದವನು; ಸೇವೆಯ ಬಹುಭಾಗವನ್ನು ಬೀಟ್ ಮತ್ತು ಠಾಣೆಯ ಕೆಲಸದಲ್ಲೇ ಕಳೆದೆ. ತಾವಿಬ್ಬರೂ ಹೇಳುತ್ತಿರುವುದು ನಿಜ, ಆದರೆ ಹೇಳುತ್ತಿರುವುದು ಎರಡು ಬೇರೆ ಬೇರೆ ಕೆಲಸಗಳ ಬಗ್ಗೆ. ಬಾಗಿಲ ಮುಂದೆ ನಿಂತವನು ಒಂದು ಜಾಗವನ್ನು ಕಾಯುತ್ತಾನೆ, ಜೀಪಿನಲ್ಲಿ ಹೋಗುವವನು ಯಾವ ಜಾಗವನ್ನೂ ಕಾಯುವುದಿಲ್ಲ.

ಒಳ್ಳೆಯ ಬೀಟ್ ಎಂದರೆ ಹೇಗಿರುತ್ತಿತ್ತು ಎಂಬುದನ್ನು ಹೇಳುತ್ತೇನೆ. ಕೈಯಲ್ಲಿ ಬೀಟ್ ಪುಸ್ತಕ ಇರುತ್ತಿತ್ತು. ಅದರಲ್ಲಿ ಯಾವ ಮನೆ ಬೀಗ ಹಾಕಿದೆ, ಮಾಲೀಕರು ಎಂದು ಬರುತ್ತಾರೆ, ಯಾವ ಅಂಗಡಿಯ ಹಿಂಬಾಗಿಲ ಚಿಲಕ ಸಡಿಲವಾಗಿದೆ, ಯಾವ ದೀಪ ಉರಿಯುತ್ತಿಲ್ಲ, ಯಾರು ಹೊಸದಾಗಿ ಬಂದು ನಿಲ್ದಾಣದ ಮೆಟ್ಟಿಲ ಮೇಲೆ ಕೂರುತ್ತಿದ್ದಾರೆ ಎಂಬುದನ್ನೆಲ್ಲ ಬರೆಯುತ್ತಿದ್ದೆವು. ರಾತ್ರಿ ಅಂಗಡಿಗಳ ಶಟರ್ ಬೀಗವನ್ನು ಕೈಯಿಂದ ಹಿಡಿದು ಎಳೆದು ನೋಡಿಯೇ ಮುಂದೆ ಹೋಗಬೇಕಿತ್ತು. ಬೀಗವನ್ನು ಮುಟ್ಟದೆ ಸಹಿ ಮಾತ್ರ ಹಾಕಿ ಬಂದವನು ಮೇಲಧಿಕಾರಿಯ ಕೈಗೆ ಸಿಕ್ಕಿಬೀಳುತ್ತಿದ್ದ. ಅದೇ ಮನುಷ್ಯ ಅದೇ ಬೀದಿಯಲ್ಲಿ ಒಂದೆರಡು ವರ್ಷ ಉಳಿದರೆ ಮಾತ್ರ ಆ ಪುಸ್ತಕಕ್ಕೆ ಜೀವ ಬರುತ್ತದೆ. ಈಗ ಬಂದೋಬಸ್ತ್, ಗಣ್ಯರ ಭೇಟಿ, ನ್ಯಾಯಾಲಯದ ಸಮನ್ಸು ಎಂದು ಬೀಟ್ ಸಿಬ್ಬಂದಿಯನ್ನೇ ಮೊದಲು ಎತ್ತಿಕೊಳ್ಳುತ್ತಾರೆ. ಆದ್ದರಿಂದ ಸಭೆಯಲ್ಲಿ ಸಿಬ್ಬಂದಿಯ ಸಂಖ್ಯೆಯನ್ನು ಮಾತ್ರ ಕೇಳಬೇಡಿ. ಪೇಟೆಯ ಬೀಟ್‌ಗೆ ಹಾಕಿದವರನ್ನು ಕಳೆದ ತಿಂಗಳು ಎಷ್ಟು ದಿನ ಬೇರೆ ಕೆಲಸಕ್ಕೆ ಕಳುಹಿಸಲಾಯಿತು ಎಂದು ಕೇಳಿ.

ಬಾಡಿಗೆಮನೆ

ಹಳೆಬೀಟ್ ಸರ್, ಕೊನೆಯ ಪ್ರಶ್ನೆ ಬಹಳ ಚೆನ್ನಾಗಿದೆ. ಅದನ್ನು ಯಾರೂ ಕೇಳಿದ್ದನ್ನು ನಾನು ನೋಡಿಲ್ಲ.

ರಾತ್ರಿಪಾಳಿ

ನಾನು ರಾತ್ರಿ ಪಾಳಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಹತ್ತೂವರೆಯ ಹೊತ್ತಿಗೆ ನಿಲ್ದಾಣದಿಂದ ನಡೆದು ಬರುತ್ತೇನೆ. ಅಪರಾಧ ಹೆಚ್ಚಿದೆಯೋ ಇಲ್ಲವೋ ಎಂಬ ವಾದಕ್ಕಿಂತ ಒಂದು ನಿರ್ದಿಷ್ಟ ಜಾಗದ ಬಗ್ಗೆ ಹೇಳುವುದು ನನಗೆ ಮುಖ್ಯವೆನಿಸುತ್ತದೆ. ನಿಲ್ದಾಣದ ಹಿಂದಿನ ವಾಹನ ನಿಲುಗಡೆಯಲ್ಲಿ ಕಂಬಗಳಿವೆ, ದೀಪಗಳೂ ಇವೆ, ಆದರೆ ಮರದ ಕೊಂಬೆಗಳು ಬೆಳೆದು ದೀಪದ ಕೆಳಗೇ ಕತ್ತಲೆಯಾಗಿದೆ. ಗೋಡೆ ಎದೆಮಟ್ಟ ಇರುವುದರಿಂದ ಅದರ ಆಚೆ ಯಾರು ನಿಂತಿದ್ದಾರೆಂದು ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಟಿಕೆಟ್ ಕೌಂಟರ್ ಮುಚ್ಚಿದ ಮೇಲೆ ಅಲ್ಲಿ ಸಿಬ್ಬಂದಿಯೂ ಇರುವುದಿಲ್ಲ. ನನಗೆ ಗೊತ್ತಿರುವ ಹೆಣ್ಣುಮಕ್ಕಳು ಮೊಬೈಲ್ ಕಳೆದುಕೊಂಡದ್ದೆಲ್ಲ ಆ ಗೋಡೆಯ ತಿರುವಿನಲ್ಲೇ. ಇಡೀ ಪೇಟೆಗೆ ಗಸ್ತು ಕೇಳುವ ಬದಲು ಆ ತಿರುವಿಗೆ ಕೇಳೋಣ.

ಲೆಕ್ಕಿಗ

ರಾತ್ರಿಪಾಳಿ ಮೇಡಂ, ತಾವು ಹೇಳಿದ್ದಕ್ಕೆ ಬಲವಾದ ಆಧಾರವಿದೆ. ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳನ್ನು ವಿಳಾಸವಾರು ಜೋಡಿಸಿ ನೋಡಿದಾಗ, ಸುಮಾರು 3 ಶೇಕಡಾ ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬಂದಿದ್ದವು. ಆ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಅಲ್ಲಿಂದೀಚೆಗೆ ಹಲವು ದೇಶಗಳ ನಗರಗಳಲ್ಲಿ ಇದೇ ಚಿತ್ರ ಕಂಡಿದೆ. ಅಪರಾಧ ಊರಿನ ಮೇಲೆಲ್ಲ ಸಮವಾಗಿ ಹರಡಿರುವುದಿಲ್ಲ. ಕೆಲವು ತಿರುವುಗಳಲ್ಲಿ, ಕೆಲವು ಗಂಟೆಗಳಲ್ಲಿ ಒಟ್ಟಾಗಿ ಕೂಡಿಕೊಂಡಿರುತ್ತದೆ.

ಅಂತಹ ಜಾಗಗಳಲ್ಲಿ ಪೊಲೀಸರು ದಿನವಿಡೀ ನಿಲ್ಲಬೇಕಾಗಿಯೂ ಇಲ್ಲ. ಅದೇ ನಗರದ ಮಾಹಿತಿಯನ್ನು ಮುಂದೆ ವಿಶ್ಲೇಷಿಸಿದಾಗ, ಒಂದು ಸಲಕ್ಕೆ 10ರಿಂದ 15 ನಿಮಿಷ ಇದ್ದು ಹೋದರೆ, ಹೋದ ನಂತರವೂ ಸ್ವಲ್ಪ ಹೊತ್ತು ಆ ಪರಿಣಾಮ ಉಳಿಯುತ್ತದೆ, ಅದಕ್ಕಿಂತ ಹೆಚ್ಚು ನಿಂತರೆ ಲಾಭ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ ಎಂದು ತಿಳಿದುಬಂತು. ಹೊತ್ತು ಗೊತ್ತು ಮಾಡಿಕೊಳ್ಳದೆ ಮತ್ತೆ ಮತ್ತೆ ಬಂದು ಹೋಗುವುದು ಮುಖ್ಯ. ಇದಕ್ಕೆ ಹೊಸ ನೇಮಕಾತಿ ಬೇಕಿಲ್ಲ, ಇರುವವರ ವೇಳಾಪಟ್ಟಿ ಬದಲಾದರೆ ಸಾಕು.

ಎರಡನೇಮಹಡಿ

ಅಲ್ಲಿಂದ ಓಡಿಸಿದರೆ ಅವರು ನಮ್ಮ ಬೀದಿಗೆ ಬರುತ್ತಾರೆ. ಆಗ ನೀವು ನೆಮ್ಮದಿಯಾಗಿರುತ್ತೀರಿ, ನಾವು ಅನುಭವಿಸಬೇಕಾಗುತ್ತದೆ.

ಲೆಕ್ಕಿಗ

ಆ ಭಯ ಸಹಜ, ಕೆಲವೆಡೆ ಹಾಗಾದದ್ದೂ ಉಂಟು. ಫಿಲಡೆಲ್ಫಿಯಾದಲ್ಲಿ 2009ರ ಬೇಸಿಗೆಯಲ್ಲಿ ಹಿಂಸಾತ್ಮಕ ಅಪರಾಧ ಹೆಚ್ಚಾಗಿದ್ದ 60 ಜಾಗಗಳಿಗೆ ಕಾಲ್ನಡಿಗೆಯ ಗಸ್ತು ಹಾಕಿದರು. ಗಸ್ತು ಇಲ್ಲದ ಅಂತಹದೇ ಜಾಗಗಳಿಗೆ ಹೋಲಿಸಿದರೆ ಅಲ್ಲಿ ಹಿಂಸಾತ್ಮಕ ಅಪರಾಧ 23 ಶೇಕಡಾ ಇಳಿಯಿತು, ಸ್ವಲ್ಪ ಮಟ್ಟಿಗೆ ಅದು ಪಕ್ಕದ ಬೀದಿಗಳಿಗೆ ಸರಿದದ್ದೂ ಕಂಡಿತು. ಸರಿದದ್ದನ್ನು ಕಳೆದರೂ ನಿವ್ವಳ ಲಾಭ ಉಳಿದಿತ್ತು. ಆದರೆ ಇಂತಹ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವರಿಗೆ, ಸುತ್ತಲಿನ ಬೀದಿಗಳಲ್ಲಿಯೂ ಅಪರಾಧ ಕಡಿಮೆಯಾದದ್ದೇ ಹೆಚ್ಚಾಗಿ ಕಂಡಿದೆ. ಕಳ್ಳನಿಗೆ ಅನುಕೂಲವಾದ ಕತ್ತಲೆ, ತಪ್ಪಿಸಿಕೊಳ್ಳುವ ಓಣಿ, ಗಿರಾಕಿಗಳ ಓಡಾಟ ಇವೆಲ್ಲ ಎಲ್ಲ ಬೀದಿಯಲ್ಲೂ ಸಿದ್ಧವಾಗಿ ಸಿಗುವುದಿಲ್ಲ ಎಂಬುದನ್ನು ಗಮನಿಸಿ.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಫಿಲಡೆಲ್ಫಿಯಾದಲ್ಲಿ ಗಸ್ತು ಮುಗಿದ ಮೇಲೆ ಆ ಲಾಭವೂ ಕರಗಿಹೋಯಿತು.

ಹಳೆಬೀಟ್

ಕರಗದೆ ಇನ್ನೇನು? ಗೋಡೆ ಹಾಗೇ ಇದ್ದರೆ, ದೀಪ ಹಾಗೇ ಇದ್ದರೆ, ಕಾವಲು ಎದ್ದ ದಿನ ಕಳ್ಳ ವಾಪಸು ಬರುತ್ತಾನೆ. ಗಸ್ತಿನಿಂದ ಸಿಗುವುದು ಸಮಯ ಮಾತ್ರ, ಆ ಸಮಯದಲ್ಲಿ ಜಾಗವನ್ನು ಸರಿಪಡಿಸಿಕೊಳ್ಳಬೇಕು.

ಬಾಡಿಗೆಮನೆ

ಸಿಸಿಟಿವಿ ಹಾಕಿಸಿದರೆ ಇಷ್ಟೆಲ್ಲ ತೊಂದರೆಯೇ ಇರುವುದಿಲ್ಲವಲ್ಲ?

ಅಂಗಡಿಸಾಲು

ನನ್ನ ಅಂಗಡಿಯಲ್ಲಿ ನಾಲ್ಕು ಕ್ಯಾಮೆರಾಗಳಿವೆ. ಕದ್ದವನ ಮುಖ ನಾಲ್ಕು ಕೋನಗಳಿಂದಲೂ ಸ್ಪಷ್ಟವಾಗಿ ಸಿಕ್ಕಿದೆ. ದೃಶ್ಯವನ್ನು ಪೆನ್ ಡ್ರೈವ್‌ಗೆ ಹಾಕಿ ಠಾಣೆಗೆ ಕೊಟ್ಟು ಬಂದೆ. ಅದನ್ನು ಯಾರಾದರೂ ತೆರೆದು ನೋಡಿದರೋ ಇಲ್ಲವೋ ಎಂಬುದನ್ನು ತಿಳಿಯಲು ಎರಡು ಸಲ ಹೋದರೂ, ತನಿಖೆ ನಡೆಯುತ್ತಿದೆ ಎಂಬ ಉತ್ತರ ಬಿಟ್ಟರೆ ಬೇರೇನೂ ಸಿಗಲಿಲ್ಲ.

ಲೆಕ್ಕಿಗ

ಕ್ಯಾಮೆರಾಗಳ ಪರಿಣಾಮದ ಕುರಿತು ನಲವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು 2019ರಲ್ಲಿ ಬಂತು. ಒಟ್ಟಾರೆ ಇಳಿಕೆ 13 ಶೇಕಡಾ. ಹೆಚ್ಚು ಲಾಭ ಸಿಕ್ಕಿದ್ದು ವಾಹನ ನಿಲುಗಡೆಯ ಜಾಗಗಳಲ್ಲಿ. ಹಿಂಸಾತ್ಮಕ ಅಪರಾಧದ ಮೇಲೆ ಹೇಳಿಕೊಳ್ಳುವಂತಹ ಪರಿಣಾಮ ಕಾಣಲಿಲ್ಲ. ಕುಳಿತು ನೋಡುವವರು ಇರುವ ಕ್ಯಾಮೆರಾಗೂ, ಕೇವಲ ದಾಖಲಿಸಿಕೊಳ್ಳುವ ಕ್ಯಾಮೆರಾಗೂ ಬಹಳ ಅಂತರವಿದೆ. ಬೀದಿದೀಪಗಳ ವಿಷಯದಲ್ಲಿ ಫಲಿತಾಂಶ ಇದಕ್ಕಿಂತ ಉತ್ತಮವಾಗಿದೆ: 2008ರ ಒಂದು ಪರಿಶೀಲನೆಯಲ್ಲಿ ದೀಪ ಸುಧಾರಿಸಿದ ಕಡೆ ಅಪರಾಧ 21 ಶೇಕಡಾ ಕಡಿಮೆಯಾಗಿತ್ತು, ಅದರಲ್ಲೂ ಕೆಲವೆಡೆ ಹಗಲಿನ ಅಪರಾಧವೂ ಇಳಿದಿತ್ತು. ಜನ ಆ ಜಾಗವನ್ನು ತಮ್ಮದೆಂದು ನೋಡಿಕೊಳ್ಳಲು ಆರಂಭಿಸಿದ್ದೇ ಇದಕ್ಕೆ ಕಾರಣವಿರಬೇಕೆಂದು ಪರಿಶೀಲನೆ ನಡೆಸಿದವರು ಊಹಿಸಿದರು. ಹೀಗಿರುವಾಗ ಮರದ ಕೊಂಬೆ ಕಡಿಸುವುದನ್ನು ಸಣ್ಣ ಬೇಡಿಕೆಯೆಂದು ನಾನು ಭಾವಿಸುವುದಿಲ್ಲ.

ಎರಡನೇಮಹಡಿ

ಕೊಂಬೆ ಕಡಿಯುವುದು ಪೊಲೀಸರ ಕೆಲಸವಲ್ಲ, ನಗರಸಭೆಯ ಕೆಲಸ. ಠಾಣಾಧಿಕಾರಿ ಇದನ್ನೇ ಹೇಳಿ ಕೈತೊಳೆದುಕೊಳ್ಳುತ್ತಾರೆ, ನೋಡುತ್ತಿರಿ.

ರಾತ್ರಿಪಾಳಿ

ಹಾಗಾದರೆ ಇಬ್ಬರನ್ನೂ ಒಂದೇ ಸಭೆಗೆ ಕರೆಯಬೇಕು. ಬೇರೆ ಬೇರೆ ಸಭೆ ಮಾಡಿದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ, ನಾವು ನಡುವೆ ಓಡಾಡುತ್ತಿರುತ್ತೇವೆ.

ಕಾನೂನುಕಡತ

ಮೂಲ ಪ್ರಶ್ನೆಯ ಮೊದಲ ಭಾಗಕ್ಕೆ ಯಾರೂ ಉತ್ತರಿಸಿಲ್ಲ. ದಾಖಲಾದ ಪ್ರಕರಣ ಕಡಿಮೆ ಎಂಬ ಠಾಣೆಯ ಮಾತು, ಅಪರಾಧ ಹೆಚ್ಚಿದೆ ಎಂಬ ಜನರ ಮಾತು, ಇವೆರಡೂ ಒಟ್ಟಿಗೆ ನಿಜವಾಗಿರಬಹುದು. ನ್ಯಾಯಾಲಯದಲ್ಲಿ ಕೆಲಸ ಮಾಡುವ ನನಗೆ ಇದು ದಿನನಿತ್ಯ ಕಾಣುವ ಸಂಗತಿ. ಮೊಬೈಲ್ ಕಸಿದುಕೊಂಡರೆಂದು ಬಂದವರಿಗೆ ಅದನ್ನು ಕಳೆದುಹೋಯಿತೆಂದು ಬರೆದುಕೊಡಿ, ಸಿಮ್ ಬದಲಿಸಲು ಅಷ್ಟು ಸಾಕು ಎಂದು ಹೇಳಿ ಕಳುಹಿಸಿದರೆ, ಲೆಕ್ಕದ ಪುಸ್ತಕದಲ್ಲಿ ಒಂದು ಸುಲಿಗೆ ಕಡಿಮೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ದೂರು ಕೊಟ್ಟು ಪ್ರಯೋಜನವಿಲ್ಲವೆಂದು ಜನರೇ ಹೋಗುವುದಿಲ್ಲ. ಇದಕ್ಕಾಗಿಯೇ ಅಮೆರಿಕದಲ್ಲಿ 1973ರಿಂದ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1982ರಿಂದ ಸಮೀಕ್ಷೆಯವರು ನೇರವಾಗಿ ಜನರನ್ನೇ ಸಂಪರ್ಕಿಸಿ, ಕಳೆದ ಅವಧಿಯಲ್ಲಿ ನಿಮಗೆ ಏನಾಯಿತು, ಪೊಲೀಸರಿಗೆ ತಿಳಿಸಿದಿರಾ ಎಂದು ಕೇಳುತ್ತಾರೆ. ತಿಳಿಸದೆ ಬಿಟ್ಟ ಅಪರಾಧಗಳ ಪಾಲು ಆ ಸಮೀಕ್ಷೆಗಳಲ್ಲಿ ಬಹಳ ದೊಡ್ಡದಾಗಿ ಕಾಣುತ್ತದೆ.

ಲೆಕ್ಕಿಗ

ಒಪ್ಪುತ್ತೇನೆ, ಆದರೆ ಅದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆ ಸಮೀಕ್ಷೆಗಳ ಪ್ರಕಾರವೇ ಎರಡೂ ಕಡೆ 1990ರ ದಶಕದ ಮಧ್ಯಭಾಗದಿಂದ ಅಪರಾಧ ಬಹಳ ಇಳಿದಿದೆ, ಆದರೂ ಜನರನ್ನು ಕೇಳಿದಾಗ ಬಹುತೇಕ ವರ್ಷಗಳಲ್ಲಿ ದೇಶದಲ್ಲಿ ಅಪರಾಧ ಹೆಚ್ಚುತ್ತಿದೆ ಎಂದು ಹೇಳಿದವರೇ ಬಹುಮಂದಿ. ಒಂದೇ ಘಟನೆಯ ವಿಡಿಯೊ ಹತ್ತು ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿದರೆ ಹತ್ತು ಘಟನೆಗಳಾದಂತೆ ಅನಿಸುತ್ತದೆ. ಆದ್ದರಿಂದ ಸಭೆಗೆ ಮುಂಚೆ ನಾವೇ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಕೇಳುವುದು ಒಳ್ಳೆಯದು. ಏನಾಯಿತು, ಎಲ್ಲಿ, ಯಾವ ಹೊತ್ತಿನಲ್ಲಿ, ದೂರು ಕೊಟ್ಟಿರಾ, ಕೊಡದಿದ್ದರೆ ಏಕೆ ಎಂದು ಬರೆದುಕೊಂಡರೆ ಸಾಕು, ಹೆಸರು ಬೇಡ.

ಅಂಗಡಿಸಾಲು

ಅಂಗಡಿಗಳದ್ದನ್ನು ನಾನು ಕೇಳಿ ಬರೆದುಕೊಡುತ್ತೇನೆ. ಆದರೆ ಇಷ್ಟು ಹೇಳಿಬಿಡುತ್ತೇನೆ: ಸಂಜೆ ಮೆಟ್ಟಿಲ ಮೇಲೆ ಗುಂಪು ಕೂರುವ ಹುಡುಗರನ್ನು ಮೊದಲು ಎಬ್ಬಿಸಬೇಕು. ಸಣ್ಣದನ್ನು ಬಿಟ್ಟರೆ ದೊಡ್ಡದಾಗುತ್ತದೆ. ಗಿರಾಕಿಗಳು ಅವರನ್ನು ಕಂಡೇ ಆಚೆ ರಸ್ತೆಯ ಅಂಗಡಿಗೆ ಹೋಗುತ್ತಾರೆ.

ಆಟದಮೈದಾನ

ಅಂಗಡಿಸಾಲು ಅವರೇ, ಆ ಹುಡುಗರಲ್ಲಿ ಹಲವರು ನಾನು ತರಬೇತಿ ಕೊಡುವ ತಂಡದವರು. ಮೈದಾನದ ಗೇಟನ್ನು ಆರು ಗಂಟೆಗೆ ಮುಚ್ಚಿಬಿಡುತ್ತಾರೆ, ಗ್ರಂಥಾಲಯವೂ ಆ ಹೊತ್ತಿಗೆ ಮುಚ್ಚಿರುತ್ತದೆ, ಮನೆಗಳು ಇಕ್ಕಟ್ಟಾಗಿವೆ. ಬೆಳಕಿರುವ, ದುಡ್ಡು ಕೊಡದೆ ಕೂರಬಹುದಾದ ಜಾಗ ನಿಲ್ದಾಣದ ಮೆಟ್ಟಿಲು ಒಂದೇ. ಅವರಲ್ಲಿ ಒಬ್ಬಿಬ್ಬರು ಕೆಣಕುತ್ತಾರೆ ಎಂಬುದು ನಿಜ, ಅವರನ್ನು ನಾನು ಬಲ್ಲೆ. ಉಳಿದವರು ಸುಮ್ಮನೆ ಮೊಬೈಲ್ ನೋಡುತ್ತಾ ಕುಳಿತಿರುತ್ತಾರೆ. ಎಲ್ಲರನ್ನೂ ಒಂದೇ ಲಾಠಿಯಲ್ಲಿ ಎಬ್ಬಿಸಿದರೆ ನಾಳೆ ಬೈಕ್ ಕದ್ದವನ ಸುಳಿವು ಗೊತ್ತಿದ್ದರೂ ಯಾರೂ ಬಾಯಿ ಬಿಡುವುದಿಲ್ಲ.

ಕಾನೂನುಕಡತ

ಸಣ್ಣದನ್ನು ಬಿಟ್ಟರೆ ದೊಡ್ಡದಾಗುತ್ತದೆ ಎಂಬ ವಾದ 1982ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಲೇಖನದಿಂದ ಜಗತ್ತಿಗೆಲ್ಲ ಹಬ್ಬಿತು. ಒಡೆದ ಕಿಟಕಿಯನ್ನು ಬೇಗ ಸರಿಪಡಿಸಬೇಕೆಂಬ ಅದರ ಮೂಲ ಮಾತಿನಲ್ಲಿ ಹುರುಳಿದೆ. ಆದರೆ ಅದನ್ನೇ ಹಿಡಿದು ನ್ಯೂಯಾರ್ಕ್‌ನಲ್ಲಿ ದಾರಿಯಲ್ಲಿ ಹೋಗುವವರನ್ನು ತಡೆದು ಶೋಧಿಸುವುದನ್ನೇ ಪದ್ಧತಿ ಮಾಡಿಕೊಂಡಾಗ, 2011ರ ಒಂದೇ ವರ್ಷದಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಸಲ ಜನರನ್ನು ತಡೆದರು. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಸಲ ಬಂಧಿಸಲಾಗಲಿ, ಸಮನ್ಸು ಕೊಡಲಾಗಲಿ ಯಾವ ಕಾರಣವೂ ಸಿಗಲಿಲ್ಲ. ತಡೆಯಲ್ಪಟ್ಟವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಯುವಕರು. 2013ರಲ್ಲಿ ಫೆಡರಲ್ ನ್ಯಾಯಾಲಯ ಆ ಪದ್ಧತಿ ಜಾರಿಯಾಗುತ್ತಿದ್ದ ರೀತಿಯೇ ಸಂವಿಧಾನಬಾಹಿರ ಎಂದಿತು. ಮುಂದೆ ಶೋಧಗಳ ಸಂಖ್ಯೆ ತೀರಾ ಕುಸಿಯಿತು, ಆದರೆ ಹಲವರು ಹೆದರಿಸಿದಂತೆ ಅಪರಾಧ ಭುಗಿಲೇಳಲಿಲ್ಲ. ಕಿಟಕಿ ಸರಿಪಡಿಸಿ ಎಂದರೆ ಕಿಟಕಿಯ ಹತ್ತಿರ ನಿಂತವರನ್ನು ಹಿಡಿಯಿರಿ ಎಂದು ಅರ್ಥವಲ್ಲ.

ಅಂಗಡಿಸಾಲು

ನಾನು ಯಾರನ್ನೂ ಹೊಡೆಯಲು ಹೇಳಿಲ್ಲ. ಕೆಣಕುವ ಆ ಒಬ್ಬಿಬ್ಬರನ್ನು ಕರೆದು ಮಾತನಾಡಬೇಕು ಎಂಬುದಕ್ಕೆ ಆಟದಮೈದಾನ ಅವರೂ ಒಪ್ಪುತ್ತಾರಲ್ಲ? ಅವರನ್ನು ಬಲ್ಲ ಪೊಲೀಸರೊಬ್ಬರು ಇದ್ದಿದ್ದರೆ ಅದು ಎಂದೋ ಆಗುತ್ತಿತ್ತು.

ಆಟದಮೈದಾನ

ಅದಕ್ಕೆ ಪೂರ್ತಿ ಒಪ್ಪುತ್ತೇನೆ. ಜೊತೆಗೆ ಮೈದಾನದ ಗೇಟು ಒಂಬತ್ತರವರೆಗೆ ತೆರೆದಿರಲಿ ಎಂದು ತಾವೂ ನಮ್ಮೊಂದಿಗೆ ಕೇಳಿದರೆ, ಅಂಗಡಿಯವರ ಮಾತಿಗೆ ನಗರಸಭೆಯಲ್ಲಿ ಹೆಚ್ಚು ಬೆಲೆ ಸಿಗುತ್ತದೆ.

ಬಾಡಿಗೆಮನೆ

ನಿವಾಸಿಗಳೇ ರಾತ್ರಿ ಸರದಿ ಹಾಕಿಕೊಂಡು ದೊಣ್ಣೆ ಹಿಡಿದು ತಿರುಗಿದರೆ ಹೇಗೆ? ಪಕ್ಕದ ಬಡಾವಣೆಯಲ್ಲಿ ಆರಂಭಿಸುತ್ತಾರಂತೆ.

ಹಳೆಬೀಟ್

ದಯವಿಟ್ಟು ಆ ಆಲೋಚನೆಯನ್ನು ಬಿಟ್ಟುಬಿಡಿ. ದೊಣ್ಣೆ ಹಿಡಿದ ಗುಂಪಿಗೆ ಮೊದಲು ಸಿಗುವುದು ಕಳ್ಳನಲ್ಲ, ದಾರಿ ತಪ್ಪಿ ಬಂದ ಅಪರಿಚಿತ, ಮಾನಸಿಕ ಅಸ್ವಸ್ಥ, ಅಥವಾ ಭಾಷೆ ಬಾರದ ಕೂಲಿಯವನು. ಅಂತಹ ರಾತ್ರಿಯ ಮರುದಿನ ಆಸ್ಪತ್ರೆಯಲ್ಲಿ ಹೇಳಿಕೆ ಬರೆದುಕೊಂಡವನು ನಾನು. ಹೊಡೆದವರೆಲ್ಲ ಸಂಭಾವಿತ ಮನೆಗಳವರು. ನೆರೆಹೊರೆಯವರು ಕಣ್ಣಿಟ್ಟು, ಕಂಡದ್ದನ್ನು ತಿಳಿಸುವ ಕಾವಲು ಬೇರೆಯದು. ಅದರಿಂದ ಪ್ರಯೋಜನವಿದೆ.

ಲೆಕ್ಕಿಗ

ಹೌದು, ನೆರೆಹೊರೆ ಕಾವಲು ಯೋಜನೆಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ 16 ಶೇಕಡಾ ಅಥವಾ ಅದಕ್ಕೂ ಹೆಚ್ಚಿನ ಇಳಿಕೆ ಕಂಡಿದೆ. ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಎಂಬ ಬಡಾವಣೆಯಲ್ಲಿ 1980ರ ದಶಕದಲ್ಲಿ ಮಾಡಿದ ಕೆಲಸ ನನಗೆ ಇನ್ನೂ ಇಷ್ಟ. ಒಮ್ಮೆ ಕಳ್ಳತನವಾದ ಮನೆಗೇ ಮತ್ತೆ ಕಳ್ಳರು ಬರುವ ಸಾಧ್ಯತೆ ಹೆಚ್ಚೆಂದು ಗಮನಿಸಿ, ಎಲ್ಲ ಮನೆಗಳಿಗೂ ಉಪದೇಶ ಮಾಡುವ ಬದಲು ಆ ಮನೆಯ ಬೀಗವನ್ನು ಗಟ್ಟಿ ಮಾಡಿಸಿ, ಅಕ್ಕಪಕ್ಕದ ಕೆಲವು ಮನೆಯವರಿಗೆ ಮಾತ್ರ ಅದರ ಮೇಲೆ ಕಣ್ಣಿಡಲು ಹೇಳಿದರು. ಕಳ್ಳರನ್ನು ಸೆಳೆಯುತ್ತಿದ್ದ ನಾಣ್ಯ ಹಾಕುವ ಮೀಟರ್‌ಗಳನ್ನೂ ಕಿತ್ತು ಬದಲಾಯಿಸಿದರು. ಮನೆಗಳ್ಳತನ ಬಹಳ ಇಳಿಯಿತು. ನಮ್ಮಲ್ಲೂ ಕಳವಾದ ಮನೆಗೆ ಪೊಲೀಸರು ಒಂದೆರಡು ವಾರದೊಳಗೆ ಮತ್ತೊಮ್ಮೆ ಬಂದು ಹೋಗುತ್ತಾರೆಯೇ ಎಂದು ಕೇಳಬೇಕು.

ಎರಡನೇಮಹಡಿ

ಇಷ್ಟೆಲ್ಲ ಆದ ಮೇಲೂ ಪರಿಚಿತ ಬೀಟ್ ಪೊಲೀಸರಿಂದ ಅಪರಾಧ ಇಳಿಯುತ್ತದೆ ಎಂಬುದಕ್ಕೆ ಪುರಾವೆ ಎಲ್ಲಿದೆ? ಇಲ್ಲಿ ಎಲ್ಲರೂ ಹಳೆಯ ಕಾಲದ ನೆನಪನ್ನು ಪ್ರೀತಿಸುತ್ತಿರುವಂತೆ ಕಾಣುತ್ತದೆ.

ಲೆಕ್ಕಿಗ

ಕೇಳಬೇಕಾದ ಪ್ರಶ್ನೆಯೇ. ನ್ಯೂಜೆರ್ಸಿಯ ನೆವಾರ್ಕ್ ನಗರದಲ್ಲಿ ನಡೆದ ಕಾಲ್ನಡಿಗೆ ಗಸ್ತಿನ ಪ್ರಯೋಗದ ವರದಿ 1981ರಲ್ಲಿ ಬಂತು. ಅಪರಾಧ ಇಳಿಯಲಿಲ್ಲ, ಆದರೆ ಜನರ ಭಯ ಇಳಿಯಿತು, ಪೊಲೀಸರ ಮೇಲಿನ ಅಭಿಪ್ರಾಯ ಸುಧಾರಿಸಿತು. ಸಮುದಾಯ ಪೊಲೀಸ್ ವ್ಯವಸ್ಥೆಯ ಕುರಿತು 2014ರಲ್ಲಿ ಬಂದ ಪರಿಶೀಲನೆಯೂ ವಿಶ್ವಾಸ ಮತ್ತು ತೃಪ್ತಿ ಹೆಚ್ಚುತ್ತದೆ, ಅಪರಾಧದ ಮೇಲಿನ ನೇರ ಪರಿಣಾಮ ಸೀಮಿತ ಎಂದೇ ಹೇಳಿತು. ಪರಿಚಯ ಒಂದೇ ಸಾಲದು. ಪರಿಚಯವಿರುವ ಮನುಷ್ಯ, ನಿರ್ದಿಷ್ಟ ಜಾಗ, ನಿರ್ದಿಷ್ಟ ತೊಂದರೆ ಈ ಮೂರೂ ಕೂಡಿದಾಗ ಫಲ ಸಿಗುತ್ತದೆ ಎಂಬುದು ನನ್ನ ತಿಳಿವಳಿಕೆ.

ಹಳೆಬೀಟ್

ವಿಶ್ವಾಸವನ್ನು ಸೀಮಿತ ಎಂದು ಬದಿಗಿಡಬೇಡಿ. ಠಾಣೆಯಲ್ಲಿ ಪತ್ತೆಯಾದ ಪ್ರಕರಣಗಳಲ್ಲಿ ಹೆಚ್ಚಿನವು ಯಾರೋ ಒಬ್ಬರು ಹೇಳಿದ ಮಾತಿನಿಂದ ಪತ್ತೆಯಾದವು. ಹೇಳುವವರು ಗೊತ್ತಿರುವ ಮುಖಕ್ಕೆ ಹೇಳುತ್ತಾರೆ, ಸಹಾಯವಾಣಿಗೆ ಹೇಳುವುದಿಲ್ಲ. ಜಪಾನಿನ ಬೀದಿ ಬೀದಿಯ ಕೋಬಾನ್ ಪೊಲೀಸ್ ಚೌಕಿಗಳನ್ನು ನೋಡಿ ಸಿಂಗಾಪುರ 1983ರಲ್ಲಿ ನೆರೆಹೊರೆ ಚೌಕಿಗಳನ್ನು ತೆರೆದದ್ದೂ, ಕೇರಳ 2008ರಲ್ಲಿ ಜನಮೈತ್ರಿ ಯೋಜನೆಯಡಿ ಬೀಟ್ ಅಧಿಕಾರಿಗಳನ್ನು ಮನೆ ಮನೆಗೆ ಕಳುಹಿಸಿದ್ದೂ ಇದೇ ನಂಬಿಕೆಯಿಂದ. ಲಂಡನ್ನಿನಲ್ಲಿ 2004ರಿಂದ ವಾರ್ಡಿಗೊಂದು ತಂಡ ಮಾಡಿದರು. ಅದರಲ್ಲಿ ಒಬ್ಬ ಸಾರ್ಜೆಂಟ್, ಇಬ್ಬರು ಕಾನ್‌ಸ್ಟೆಬಲ್, ಮೂವರು ಸಮುದಾಯ ಸಹಾಯಕರು ಇದ್ದರು. 2010ರ ನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 20,000 ಪೊಲೀಸರು ಕಡಿಮೆಯಾದಾಗ ಮೊದಲು ತೆಳುವಾದದ್ದರಲ್ಲಿ ಇಂತಹ ತಂಡಗಳೂ ಸೇರಿದ್ದವು. ಯಾವ ದೇಶದಲ್ಲಾದರೂ ಬೀಟ್‌ನವನನ್ನು ಎತ್ತಿಕೊಳ್ಳುವುದು ಸುಲಭ, ಏಕೆಂದರೆ ಅವನು ತಡೆದ ಕಳ್ಳತನ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಪೇಟೆನಿವಾಸಿ

ಎಲ್ಲರಿಗೂ ಧನ್ಯವಾದಗಳು. ಲೆಕ್ಕಿಗ ಅವರು ಪ್ರಶ್ನಾವಳಿಯನ್ನು ಬರೆದುಕೊಟ್ಟರೆ ಅಂಗಡಿಗಳಿಗೆ ಅಂಗಡಿಸಾಲು ಅವರೂ, ಮನೆಗಳಿಗೆ ನಾನೂ ಹೋಗುತ್ತೇವೆ. ನಿಲ್ದಾಣದ ಹಿಂದಿನ ತಿರುವನ್ನು ಮೊದಲ ವಿಷಯವಾಗಿ ಇಡುತ್ತೇನೆ. ನಗರಸಭೆಯ ವಿದ್ಯುತ್ ವಿಭಾಗದವರಿಗೂ ಪತ್ರ ಬರೆಯುತ್ತೇನೆ. ಬೀಟ್ ಸಿಬ್ಬಂದಿಯನ್ನು ಬೇರೆಡೆಗೆ ಕಳುಹಿಸಿದ ದಿನಗಳ ಲೆಕ್ಕವನ್ನು ಹಳೆಬೀಟ್ ಸರ್ ಅವರೇ ಕೇಳಿದರೆ ಉತ್ತರ ಸಿಗುವ ಸಾಧ್ಯತೆ ಹೆಚ್ಚು. ಸಭೆಯನ್ನು ಶನಿವಾರ ರಾತ್ರಿ ಎಂಟಕ್ಕೆ ಇಟ್ಟಿದ್ದೇವೆ.

ರಾತ್ರಿಪಾಳಿ

ಎಂಟು ಗಂಟೆಗೆ ನಾನು ಕೆಲಸದಲ್ಲಿರುತ್ತೇನೆ, ಆ ತಿರುವಿನಲ್ಲಿ ನಡೆದು ಹೋಗುವ ಬಹುತೇಕ ಹೆಣ್ಣುಮಕ್ಕಳೂ ಹಾಗೆಯೇ. ಭಾನುವಾರ ಬೆಳಿಗ್ಗೆಗೆ ಬದಲಾಯಿಸಲು ಸಾಧ್ಯವೇ?

ಪೇಟೆನಿವಾಸಿ

ಠಾಣಾಧಿಕಾರಿಗಳನ್ನು ಈಗಲೇ ಕೇಳುತ್ತೇನೆ. ಅವರಿಗೆ ಭಾನುವಾರ ಬಂದೋಬಸ್ತ್ ಇಲ್ಲದಿದ್ದರೆ ಬೆಳಿಗ್ಗೆ ಹನ್ನೊಂದಕ್ಕೆ ಇಡೋಣ.